ಚೌಕುಳಿಗೆ ಕೆಂಪಂಚು

ಮಗ್ಗದಜ್ಜನ ಬಲಗೈ ಹೆಬ್ಬೆರಳಿನ ಉಗುರಿನ ನಡುವೆ ಒಂದು ಗೀರು ಇತ್ತು. ವರ್ಷಗಟ್ಟಲೆ ನೂಲು ಅಲ್ಲೇ ಹರಿದು ಹರಿದು ಬಿದ್ದದ್ದು. ಎಳೆ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಒಮ್ಮೆ ದುರುಗುಟ್ಟಿ ನೋಡಿ, ಮತ್ತೆ ಮೊದಲಿಂದ ಎಣಿಸುತ್ತಿದ್ದರು. ಸೋಮವಾರಪೇಟೆಯಲ್ಲಿ ಅವರಷ್ಟು ಬಿಗುಮಾನದ ನೇಕಾರ ಇನ್ನೊಬ್ಬರಿರಲಿಲ್ಲ. ಸಂತೆಯಲ್ಲಿ ಗಿರಾಕಿ ಬಟ್ಟೆಯನ್ನು ಎಳೆದೆಳೆದು ನೋಡಿದರೆ, "ಇದೇನು ಹೋರಿಯಾ, ಹಲ್ಲು ಹಿಡ್ದು ನೋಡೋಕೆ?" ಎಂದು ಮಡಚಿ ಒಳಗಿಟ್ಟುಬಿಡುವರು.

ನಾನಾಗ ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ಹೊಸ ರೈಟರು. ನಮ್ಮ ದೊರೆಸಾನಿ ಸ್ಕಾಟ್ಲೆಂಡಿನವರು, ಪಿಟೀಲೆಂದರೆ ಪ್ರಾಣ. ಸುತ್ತಲಿನ ತೋಟಗಳ ದೊರೆಗಳನ್ನೂ ಅವರ ಹೆಂಡಂದಿರನ್ನೂ ಕೂಡಿಸಿ ಹನ್ನೊಂದು ಜನರ ತಂತಿವಾದ್ಯದ ಮೇಳ ಕಟ್ಟಿದ್ದರು. ಅದನ್ನು ಚೇಂಬರ್ ಆರ್ಕೆಸ್ಟ್ರಾ ಎನ್ನುತ್ತಿದ್ದರು. ಎಲ್ಲರೂ ಒಟ್ಟಿಗೆ ಶುರು ಮಾಡುವರು. ಮುಗಿಸುವುದು ಮಾತ್ರ ಅವರವರ ಅನುಕೂಲ. ಅವರ ಸೀಮೆಯಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಬಗೆಯ ಚೌಕುಳಿ ಬಟ್ಟೆಯಂತೆ, ಟಾರ್ಟನ್ ಎಂದು ಹೆಸರು. ತಮ್ಮ ಮೇಳದ ಗೌರವಕ್ಕೂ ಒಂದಿರಲಿ ಎಂದು ದೊರೆಸಾನಿಯೇ ಬಣ್ಣ ಕೂಡಿಸಿದರು: ಕಾಫಿ ಎಲೆಯ ಹಸಿರು, ಅದರ ಹೂವಿನ ಬಿಳಿ, ಪಿಟೀಲಿನ ಕಂದು. ಮೊದಲ ಸಂಗೀತ ಕಚೇರಿಗೆ ಹನ್ನೊಂದು ಹೆಗಲವಸ್ತ್ರ ಬೇಕಿತ್ತು. ಯಾವ ಬಣ್ಣ ಎಷ್ಟೆಷ್ಟು ಎಳೆ ಎಂದು ಇಂಗ್ಲಿಷಿನಲ್ಲಿ ಬರೆದ ಕಾಗದ ನನ್ನ ಕೈಗೆ ಬಂತು. ಅದನ್ನು ಕನ್ನಡಕ್ಕೆ ಇಳಿಸಿ, ದೊರೆಸಾನಿ ಕೊಟ್ಟ ಬಣ್ಣದ ನೂಲಿನ ಪೆಟ್ಟಿಗೆ ಸಮೇತ ಅಜ್ಜನಿಗೆ ಮುಟ್ಟಿಸಿದೆ.

ಕಚೇರಿಯ ದಿನ ಬೆಳಿಗ್ಗೆ ಅಜ್ಜ ತಾವೇ ಗಂಟು ಹೊತ್ತು ನನ್ನ ಆಫೀಸಿಗೆ ಬಂದರು. ಬಿಚ್ಚಿ ನೋಡಿದರೆ ಚೌಕುಳಿ ಒಂದೆಳೆಯೂ ತಪ್ಪಿರಲಿಲ್ಲ. ಆದರೆ ಎರಡೂ ಬದಿಗೆ ಬೆರಳಗಲದ ಕೆಂಪಂಚು. ಆ ಕೆಂಪು ನೂಲು ಪೆಟ್ಟಿಗೆಯಲ್ಲಿ ಇರಲೇ ಇಲ್ಲ, ಅಜ್ಜ ತಮ್ಮದೇ ಹಾಕಿದ್ದರು. ನನಗೇನೋ ಅಳುಕು. ದೊರೆಸಾನಿಯ ಕಾಗದ ತೆಗೆದು ಮಗುಚಿದೆ. ಹಿಂಬದಿಯಲ್ಲಿ ಒಂದೇ ಸಾಲು ಇತ್ತು: ಅಂಚು ಕೂಡದು. ನಾನು ಆ ಬದಿಯನ್ನು ನೋಡಿಯೇ ಇರಲಿಲ್ಲ.

ಹಿಂದಿನ ರೈಟರನ್ನು ಒಂದು ತಪ್ಪು ಕಾಗದಕ್ಕೇ ಮನೆಗೆ ಕಳಿಸಿದ್ದರು. ನನ್ನ ಹೆಂಡತಿ ಎಸ್ಟೇಟಿನ ಮನೆಗೆ ಬಂದು ಇನ್ನೂ ಹದಿನೈದು ದಿನ. ಅಜ್ಜನಿಗೆ ಇದ್ದದ್ದು ಇದ್ದಂತೆ ಹೇಳಿದೆ. "ಹೂಂ" ಎಂದರು, ಅಷ್ಟೆ. ಗಂಟು ಕಟ್ಟಿ, ನನಗಿಂತ ಮುಂದಾಗಿ ಬಂಗಲೆಗೆ ನಡೆದರು.

ದೊರೆಸಾನಿ ಅಂಚಿನ ಮೇಲೆ ಬೆರಳಿಟ್ಟು, ಇದು ಬೇಡವೆಂದು ಬರೆದಿದ್ದೆನಲ್ಲ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು. ಅಜ್ಜನಿಗೆ ಆ ಬೆರಳು ಕಂಡದ್ದೇ ಸಾಕಾಯಿತು.

"ರೈಟರಪ್ಪ ಹೇಳಿದ್ರು ಕಣವ್ವ. ಕಿವಿಗೆ ಕೇಳಿಸ್ತು, ಕೈಗೆ ಕೇಳಿಸ್ಲಿಲ್ಲ. ಅಂಚಿಲ್ದೆ ಬಟ್ಟೆ ಮುಗೀತು ಅಂದ್ರೆ ಈ ಕೈ ಒಪ್ಪಲ್ಲ."

ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾದವನು ನಾನೇ. ನನ್ನನ್ನು ಉಳಿಸುವ ಸುಳ್ಳನ್ನು ನಾನೇ ಬಾಯಿಬಿಟ್ಟು ಹೇಳಬೇಕು. ತುಂಬ ನಾಚಿಕೆಯಾಯಿತು. ಆದರೂ ಹೇಳಿದೆ, ಒಂದು ಮಾತೂ ಬಿಡದೆ.

ಮೂಲೆಯಲ್ಲಿ ದೊಡ್ಡ ಪಿಟೀಲಿನ ತಂತಿ ಬಿಗಿಯುತ್ತಿದ್ದ, ಮೇಳದ ಮುದಿ ದೊರೆಯೊಬ್ಬರು ಗಹಗಹಿಸಿ ನಕ್ಕರು. "ನಮ್ಮ ಮೇಳದಲ್ಲಿ ಅಚ್ಚುಕಟ್ಟಾಗಿ ಮುಗಿದದ್ದು ಇದೊಂದೇ" ಎಂದರು. ತುಟಿ ಬಿಗಿದು ನಿಂತಿದ್ದ ದೊರೆಸಾನಿಗೂ ಕೊನೆಗೆ ನಗು ತಡೆಯಲಾಗಲಿಲ್ಲ. ಒಂದು ವಸ್ತ್ರವನ್ನೆತ್ತಿ ಹೆಗಲಿಗೆ ಹಾಕಿ, ಅಂಚು ಎದ್ದು ಕಾಣುವಂತೆ ಸರಿಪಡಿಸಿಕೊಂಡರು. ನನಗೆ ಹೋದ ಜೀವ ಬಂದಂತಾಯಿತು.

ಅಜ್ಜನನ್ನು ಗೇಟಿನ ತನಕ ಬಿಡಲು ಹೋದೆ. "ನನಗೋಸ್ಕರ ಸುಳ್ಳು ಹೇಳಿದಿರಿ" ಎಂದೆ.

"ಸುಳ್ಳೆಲ್ಲಿ ಬಂತು? ನೀವು ಹೇಳಿದ್ರೂ ಹಾಕೇ ಹಾಕ್ತಿದ್ದೆ. ಇನ್ಮೇಲೆ ಕಾಗ್ದ ಮಗುಚಿ ನೋಡ್ರಪ್ಪ."

ಆ ಎಸ್ಟೇಟಿನಲ್ಲಿ ಎಷ್ಟೋ ವರ್ಷ ರೈಟರಾಗಿಯೇ ಇದ್ದೆ. ಯಾವ ಕಾಗದ ಬಂದರೂ ಮೊದಲು ಹಿಂಬದಿ ನೋಡುವ ಚಾಳಿ ಇವತ್ತಿಗೂ ಹೋಗಿಲ್ಲ.

ಅಜ್ಜ ತೀರಿಕೊಂಡ ದಿನ ಹೋದಾಗ ಮಗ್ಗದಲ್ಲಿ ಒಂದು ಸೀರೆ ಅರ್ಧಕ್ಕೆ ನಿಂತಿತ್ತು. ನೇಯ್ದದ್ದು ಎರಡೇ ಮೊಳ. ಆದರೆ ಉದ್ದಕ್ಕೆ ಬಿಗಿದ ಹಾಸುನೂಲಿನ ಎರಡೂ ಬದಿಗೆ ಅಂಚಿನ ಕೆಂಪು ನೂಲನ್ನು ಅವರು ಕೊನೆಯ ತನಕ ಎಳೆದು ಕಟ್ಟಿಟ್ಟಿದ್ದರು. ಉಳಿದದ್ದನ್ನು ಅವರ ಮಗ ನೇಯ್ದ, ಸೀರೆಯನ್ನು ನಾನು ಕೇಳಿ ತಂದೆ. ನನ್ನ ಹೆಂಡತಿ ಅದನ್ನು ಉಟ್ಟ ದಿನ, ನಾವು ಈ ಊರಲ್ಲಿ ಉಳಿದದ್ದು ಯಾರಿಂದ ಎಂದು ಅವಳಿಗೆ ಮೊದಲ ಸಲ ಹೇಳಿದೆ.