ಪಿಸುಮಾತಿಗೆ ಎಷ್ಟು ಡೆಸಿಬಲ್

2017ರಲ್ಲಿ ನಾನು ಜಯನಗರದ ಒಂದು ಆಸ್ಪತ್ರೆಯಲ್ಲಿ ಶ್ರವಣ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಮ್ಮನ್ನು ಆಡಿಯಾಲಜಿಸ್ಟ್ ಎನ್ನುತ್ತಾರೆ. ಕಿವಿಗೆ ಔಷಧಿ ಕೊಡುವವರು ನಾವಲ್ಲ. ಕಿವಿ ಎಷ್ಟು ಕೇಳುತ್ತದೆಂದು ಅಳೆದು, ಕೇಳದವರಿಗೆ ಯಂತ್ರ ಹೊಂದಿಸಿ, ಅದರ ಜೊತೆ ಬದುಕುವುದನ್ನು ಕಲಿಸುವವರು. ಬರುವವರಲ್ಲಿ ಹೆಚ್ಚಿನವರ ಚಿಂತೆ, ಯಂತ್ರ ಹೊರಗೆ ಕಾಣಿಸುತ್ತದೆಯೇ ಎಂಬುದು. ಫಾದರ್ ಚೌರಪ್ಪ ಕೇಳಿದ್ದು ಬೇರೆ.

“ಮೇಡಂ, ಪಿಸುಮಾತು ಎಷ್ಟು ಡೆಸಿಬಲ್ ಇರುತ್ತೆ?”

ಐವತ್ತೆಂಟರ ವಯಸ್ಸು, ಅರ್ಧ ತೋಳಿನ ಅಂಗಿ, ಕೈಯಲ್ಲಿ ಹೆಲ್ಮೆಟ್. ಬಿಟಿಎಂ ಲೇಔಟ್ ಕಡೆಯ ಒಂದು ಕ್ಯಾಥೊಲಿಕ್ ಚರ್ಚಿನ ಗುರುಗಳು. ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಹಾಳಾಗಿತ್ತು. ಅಷ್ಟು ವರ್ಷದ ಸೇವೆಯನ್ನೆಲ್ಲ ಬಲಗಿವಿಯೊಂದರಿಂದಲೇ ನಡೆಸಿದ್ದರು. ಈಗ ಅದೂ ಮಂದವಾಗುತ್ತಿತ್ತು.

ಪಿಸುಮಾತು ಸುಮಾರು ಮೂವತ್ತು, ಸಾಮಾನ್ಯ ಮಾತು ಅರವತ್ತರ ಆಸುಪಾಸು ಎಂದೆ. ಪರೀಕ್ಷೆಯಲ್ಲಿ ಅವರ ಬಲಗಿವಿ ಅರವತ್ತಕ್ಕಿಂತ ಕೆಳಗಿನ ಯಾವ ಶಬ್ದವನ್ನೂ ಹಿಡಿಯಲಿಲ್ಲ. ಫಲಿತಾಂಶದ ಹಾಳೆಯನ್ನು ನೋಡಿ, “ಹಾಗಾದ್ರೆ ಶನಿವಾರ ನಾನು ಮಾಡ್ತಿರೋದು ಮೋಸ” ಎಂದರು.

ನಾನು ಹನುಮಂತನಗರದ ದೇವಸ್ಥಾನಗಳ ನಡುವೆ ಬೆಳೆದವಳು; ಚರ್ಚಿನೊಳಗೆ ಕಾಲಿಟ್ಟವಳಲ್ಲ. ಅವರೇ ವಿವರಿಸಿದರು. ಶನಿವಾರ ಸಂಜೆ ಪಾಪನಿವೇದನೆ ಇರುತ್ತದೆ. ಜಾಲರಿಯ ಈಚೆ ಗುರುಗಳು, ಆಚೆ ಭಕ್ತರು. ಮಾಡಿದ ತಪ್ಪನ್ನು ಅವರು ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಗುರುಗಳು ಕೇಳಿ, ಬುದ್ಧಿ ಹೇಳಿ, ದೇವರ ಹೆಸರಿನಲ್ಲಿ ಕ್ಷಮೆ ಸಾರುತ್ತಾರೆ. ಹೊರಗೆ ಸಾಲು ನಿಂತಿರುವುದರಿಂದ ಜೋರಾಗಿ ಹೇಳಿ ಎನ್ನುವಂತಿಲ್ಲ.

“ಕೆಲವು ತಿಂಗಳಿಂದ ಅಂದಾಜಿನ ಮೇಲೆ ಮಾಡ್ತಿದ್ದೀನಿ. ಮೊನ್ನೆ ಯಾರೋ ಅತ್ತುಬಿಟ್ರು. ಯಾಕೆ ಅಂತ ನನಗೆ ಕೇಳಿಸಲೇ ಇಲ್ಲ.”

ಮುಂದಿನ ಭಾನುವಾರದ ಪೂಜೆಯಲ್ಲಿ ಅವರು ಈ ಸಂಗತಿಯನ್ನು ಎಲ್ಲರೆದುರು ಹೇಳಿದರು: ಈಚೆಗೆ ನಿಮ್ಮ ಮಾತು ನನಗೆ ಪೂರ್ತಿ ಕೇಳಿಸಿಲ್ಲ, ಮತ್ತೆ ಹೇಳಿಕೊಳ್ಳಬೇಕು ಅನಿಸಿದವರು ಸಹಾಯಕ ಗುರುಗಳ ಬಳಿ ಹೋಗಿ ಎಂದು. ಇದನ್ನು ನನಗೆ ತಿಳಿಸಿದ್ದು ಅವರ ತಂಗಿ ಫಿಲೋಮಿನಾ. ಸುದ್ದಗುಂಟೆಪಾಳ್ಯದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಆಕೆ ಅಣ್ಣನ ಜೊತೆ ಆಸ್ಪತ್ರೆಗೆ ಬರುತ್ತಿದ್ದರು. “ಸುಮಾರು ಜನಕ್ಕೆ ಸಿಟ್ಟು ಬಂತು ಮೇಡಂ. ಇಷ್ಟು ದಿನ ಗೋಡೆಗೆ ಹೇಳಿದ್ವಾ ಅಂತ ಕೇಳಿದ್ರು. ಅಣ್ಣ ತಲೆ ತಗ್ಗಿಸ್ಕೊಂಡು ನಿಂತಿದ್ರು.”

ಹಿಯರಿಂಗ್ ಏಡ್ ಹಾಕಿದೆವು. ಎದುರು ಕೂತವರ ಮಾತಿಗೆ ಅದು ಸಾಕಾಯಿತು. ಆದರೆ ಜಾಲರಿಗೆ ಕಿವಿ ಒತ್ತಿದ ಕೂಡಲೇ ಯಂತ್ರದ ಶಬ್ದ ಜಾಲರಿಯ ಮರಕ್ಕೆ ಬಡಿದು ಹಿಂತಿರುಗಿ, ಸಿಳ್ಳೆ ಹೊಡೆಯುತ್ತಿತ್ತು. ಯಂತ್ರದ ಅಳತೆ ಬದಲಿಸಿ, ಕಿವಿಯೊಳಗೆ ಕೂರುವ ಅಚ್ಚು ಬದಲಿಸಿ ನೋಡುತ್ತಿರುವಾಗಲೇ ಒಂದು ಬೆಳಿಗ್ಗೆ ಅವರು ಎದ್ದಾಗ ಬಲಗಿವಿ ಪೂರ್ತಿ ನಿಂತುಹೋಗಿತ್ತು. ಇದಕ್ಕೆ ಹಠಾತ್ ಶ್ರವಣ ನಷ್ಟ ಎನ್ನುತ್ತೇವೆ. ಎಷ್ಟೋ ಸಲ ಕಾರಣ ಸಿಗುವುದಿಲ್ಲ. ಇಎನ್‌ಟಿ ಡಾಕ್ಟರು ಸ್ಟೀರಾಯ್ಡ್ ಕೊಟ್ಟರು. ಫಲ ಕಾಣಲಿಲ್ಲ.

ನನ್ನ ಮಾತನ್ನು ಮೊಬೈಲು ಅಕ್ಷರ ಮಾಡಿ ತೋರಿಸುತ್ತಿತ್ತು. ಓದಿಕೊಂಡು ಅವರು ಬಾಯಿಯಲ್ಲಿ ಉತ್ತರ ಕೊಡುತ್ತಿದ್ದರು. ಪೂಜೆಯಲ್ಲಿ ಜನರ ಪ್ರತ್ಯುತ್ತರ ಮುಗಿಯುವ ಮೊದಲೇ ಮುಂದಿನ ಪ್ರಾರ್ಥನೆ ಶುರು ಮಾಡಿಬಿಡುತ್ತಿದ್ದರಂತೆ. ನಿವೃತ್ತ ಗುರುಗಳ ನಿವಾಸಕ್ಕೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮೇಲಿನವರು ಸೂಚಿಸಿದ್ದರು. ಒಂದು ವರ್ಷ ಕೊಡಿ ಎಂದು ಇವರು ಕೇಳಿ ಪಡೆದುಕೊಂಡಿದ್ದರು.

“ದೇವರನ್ನ ಬೈದೆ ಮೇಡಂ” ಎಂದರು ಒಂದು ದಿನ. ಅವರ ದನಿ ಈಗ ಅಳತೆ ತಪ್ಪಿ ಜೋರಾಗಿತ್ತು. ಕಾರಿಡಾರಿನವರೆಲ್ಲ ತಿರುಗಿ ನೋಡಿದರು. “ಕರೆದವನು ನೀನೇ, ಕಿವಿ ಕಿತ್ಕೊಂಡವನೂ ನೀನೇ, ಇನ್ನು ನಾನು ಯಾವ ಕೆಲಸಕ್ಕೆ ಅಂತ ಬೈದೆ.”

ನಾನು ಕಾಕ್ಲಿಯರ್ ಇಂಪ್ಲಾಂಟ್ ವಿಷಯ ಹೇಳಿದೆ. ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಸಣ್ಣ ತಂತಿ ಕೂರಿಸುತ್ತಾರೆ. ಹೊರಗೆ ಕಿವಿಯ ಹಿಂದಿರುವ ಪ್ರೊಸೆಸರ್ ಶಬ್ದವನ್ನು ವಿದ್ಯುತ್ ಸಂಕೇತ ಮಾಡಿ ಅದಕ್ಕೆ ಕಳಿಸುತ್ತದೆ. ಮಿದುಳು ಹೊಸದಾಗಿ ಕೇಳಲು ಕಲಿಯಬೇಕು. “ಪಿಸುಮಾತು ಅರ್ಥ ಆಗುತ್ತೆ ಅಂತ ಭರವಸೆ ಕೊಡೋಕಾಗಲ್ಲ ಫಾದರ್” ಎಂದೆ. ಓದಿ, ಆಗಲಿ ಎಂದು ತಲೆಯಾಡಿಸಿದರು.

ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಆ ತಿಂಗಳುಗಳಲ್ಲಿ ಒಂದು ಸಂಗತಿ ನಡೆಯಿತು. ಶನಿವಾರದ ಪಾಪನಿವೇದನೆಯನ್ನು ಸಹಾಯಕ ಗುರುಗಳು ವಹಿಸಿಕೊಂಡಿದ್ದರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಫಾದರ್ ಚರ್ಚಿನ ಹಿಂದಿನ ಬೆಂಚಿನಲ್ಲಿ ಜಪಸರ ಹಿಡಿದು ಕೂರುತ್ತಿದ್ದರು. ಒಂದು ಸಂಜೆ ಹೆಂಗಸೊಬ್ಬರು ಪಕ್ಕಕ್ಕೆ ಬಂದು ಕೂತು ಮಾತಾಡತೊಡಗಿದರು. ಇವರು ಕಿವಿ ಮುಟ್ಟಿ ತೋರಿಸಿ, ನನಗೆ ಏನೂ ಕೇಳಿಸಲ್ಲಮ್ಮ ಎಂದರು. ಪರವಾಗಿಲ್ಲ ಎಂಬಂತೆ ಆಕೆ ಕೈಯಾಡಿಸಿ, ಹೇಳುವುದನ್ನೆಲ್ಲ ಹೇಳಿ, ಕೈಮುಗಿದು ಹೋದರು. ಮುಂದಿನ ವಾರ ಮತ್ತೊಬ್ಬರು ಬಂದರು. ಆ ಭಾನುವಾರ ಸಿಟ್ಟಾಗಿದ್ದವರಲ್ಲಿ ಒಬ್ಬರು ಬಂದು ಏನೂ ಮಾತಾಡದೆ ಅರ್ಧ ಗಂಟೆ ಕೂತರಂತೆ.

“ಅದು ಪಾಪನಿವೇದನೆ ಅಲ್ಲ. ಕ್ಷಮೆ ಹೇಳೋ ಹಾಗಿಲ್ಲ, ನಾನು ಹೇಳಲೂ ಇಲ್ಲ” ಎಂದರು ಫಾದರ್. “ಆದ್ರೂ ಬರ್ತಾರೆ. ನನ್ನ ಕೆಲಸ ಕಿವಿಯೊಳಗೆ ಮಾತ್ರ ಇದೆ ಅಂದ್ಕೊಂಡಿದ್ದೆ.” ದೇವರ ಮೇಲಿನ ಸಿಟ್ಟು ಹೋಯಿತೇ ಎಂದು ಟೈಪಿಸಿ ತೋರಿಸಿದೆ. “ಇನ್ನೂ ಸ್ವಲ್ಪ ಇದೆ” ಎಂದು ನಕ್ಕರು.

ಶಸ್ತ್ರಚಿಕಿತ್ಸೆಯ ಗಾಯ ಮಾಯ್ದ ಮೇಲೆ ಪ್ರೊಸೆಸರ್ ಚಾಲೂ ಮಾಡಿದೆ. ತಂಗಿ “ಅಣ್ಣಾ” ಎಂದರು. ಫಾದರ್ ಮುಖ ಸಿಂಡರಿಸಿದರು. “ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ.” ಮೊದಮೊದಲು ಎಲ್ಲರಿಗೂ ಹಾಗೆಯೇ. ನಿತ್ಯದ ಅಭ್ಯಾಸ ಶುರುವಾಯಿತು. ಫಿಲೋಮಿನಾ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಪೇಪರ್ ಓದುವುದು, ಇವರು ತುಟಿ ನೋಡದೆ ಅದನ್ನೇ ತಿರುಗಿ ಹೇಳುವುದು. ‘ಬೆಲೆ’ ಎಂದರೆ ‘ಬಲೆ’, ‘ಮಳೆ’ ಎಂದರೆ ‘ಬಳೆ’. ಒಂದು ದಿನ ಯಂತ್ರ ಕಿತ್ತಿಟ್ಟು ಎದ್ದುಹೋದರು. ಮರುದಿನ ತಾವೇ ಬಂದು ಕೂತರು.

ಕೇಳಿ ಪಡೆದ ಆ ವರ್ಷ ತುಂಬುವ ಹೊತ್ತಿಗೆ ಮೂವತ್ತೈದು ಡೆಸಿಬಲ್‌ನ ಶಬ್ದ ಹಿಡಿಯುತ್ತಿದ್ದರು. ನಿಶ್ಶಬ್ದ ಕೋಣೆಯಲ್ಲಿ ಸಾಮಾನ್ಯ ಮಾತು ಚೆನ್ನಾಗಿ ತಿಳಿಯುತ್ತಿತ್ತು. ಪಿಸುಮಾತು ತಿಳಿಯುತ್ತಿರಲಿಲ್ಲ. ಮರೆಮಾಚದೆ ಹೇಳಿದೆ. ಅವರು ಆಗಲೇ ಯೋಚಿಸಿಟ್ಟಿದ್ದರು. ಜಾಲರಿ ಬಿಟ್ಟು, ಪೂಜಾವಸ್ತ್ರಗಳನ್ನಿಡುವ ಕೋಣೆಯಲ್ಲಿ ಬಾಗಿಲು ಮುಚ್ಚಿ ಎರಡು ಕುರ್ಚಿ ಹಾಕಿಸಿದರು. ಬಂದ ಪ್ರತಿಯೊಬ್ಬರಿಗೂ ಮೊದಲೇ, “ನನ್ನದು ಯಂತ್ರದ ಕಿವಿ. ಮೆಲ್ಲಗೆ ಹೇಳಬೇಡಿ. ಕೇಳಿಸದಿದ್ರೆ ಮತ್ತೆ ಕೇಳ್ತೀನಿ, ಬೇಸರ ಮಾಡ್ಕೋಬೇಡಿ” ಎನ್ನುತ್ತಿದ್ದರಂತೆ. ಮುಖ ತೋರಿಸಲು ಇಷ್ಟವಿಲ್ಲದವರು ಸಹಾಯಕ ಗುರುಗಳ ಸಾಲಿಗೆ ಹೋದರು. ಇವರ ಬಾಗಿಲಲ್ಲೂ ಸಾಲು ಇತ್ತು. ಮೇಲಿನವರು ಅವರನ್ನು ಅದೇ ಚರ್ಚಿನಲ್ಲಿ ಉಳಿಸಿದರು.

ಅಲ್ಲಿಯವರೆಗೆ ನಾನು ಮೊದಲು ಅಳೆದು ಆಮೇಲೆ ಮಾತಾಡುತ್ತಿದ್ದೆ. ಫಾದರ್ ಕೇಳಿದ ಪ್ರಶ್ನೆ ಆ ಕ್ರಮವನ್ನು ತಿರುಗಿಸಿತು. ಎಷ್ಟು ಕೇಳಿಸುತ್ತದೆ ಎಂಬುದನ್ನು ಯಂತ್ರ ಹೇಳುತ್ತದೆ; ಯಾರ ಮಾತು ಕೇಳಿಸದೆ ಮನುಷ್ಯ ನೋಯುತ್ತಿದ್ದಾನೆ ಎಂಬುದನ್ನು ಅವನೇ ಹೇಳಬೇಕು. ನಿವೃತ್ತಿಯವರೆಗೂ ಬಂದವರನ್ನೆಲ್ಲ ಮೊದಲು ಅದನ್ನೇ ಕೇಳಿದೆ. ಹೊಸಕೆರೆಹಳ್ಳಿಯ ಹಿರಿಯರೊಬ್ಬರು, “ಮನೇಲಿ ನನ್ನ ಹತ್ರ ಮಾತಾಡೋದೇ ಬಿಟ್ಟವ್ರೆ ಕಣಮ್ಮ. ಯಾರದು ಅಂತ ಹೇಳ್ಲಿ?” ಎಂದರು. ಅಂದು ಪರೀಕ್ಷೆಯನ್ನು ಬದಿಗಿಟ್ಟು, ಹೊರಗೆ ಫೋನು ನೋಡುತ್ತಾ ಕೂತಿದ್ದ ಅವರ ಇಬ್ಬರು ಗಂಡುಮಕ್ಕಳನ್ನು ಒಳಗೆ ಕರೆದು, ಅಪ್ಪನ ಎದುರು ಕೂರಿಸಿದೆ.