ಹಿಂದಿನ ಕೋಣೆಯ ಒಲೆ

ಜಯಮ್ಮನಿಗೆ ರೇಷನ್ ಕಾರ್ಡ್ ಸಿಗದ ಹಾಗೆ ಮಾಡಿದವಳು ನಾನು. ಇದನ್ನು ಇಷ್ಟು ನೇರವಾಗಿ ಬರೆಯುವುದಕ್ಕೆ ನನಗೆ ನಾಲ್ಕು ವರ್ಷ ಹಿಡಿಯಿತು. ಯಾರಾದರೂ ಕೇಳಿದಾಗಲೆಲ್ಲ ಸರ್ವರ್ ಸರಿಯಿರಲಿಲ್ಲ ಎಂದೆ, ಇಲಾಖೆಯವರೇ ಹಾಗೆ ಎಂದೆ, ಬಡವರ ಕೆಲಸ ಯಾವತ್ತು ಸಲೀಸಾಗಿ ಆಗಿದೆ ಹೇಳಿ ಎಂದು ನಿಟ್ಟುಸಿರೂ ಬಿಟ್ಟೆ — ಆ ನಿಟ್ಟುಸಿರನ್ನು ನೆನೆದರೆ ಈಗ ನನ್ನ ಮೇಲೆ ನನಗೇ ರೇಗಿ ಹೋಗುತ್ತದೆ.

ನಮ್ಮದು ಪಾಂಡವಪುರ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಇಲ್ಲಿಗೆ ಸೊಸೆಯಾಗಿ ಬಂದವಳು ನಾನು. ಕಬ್ಬಿನ ಗದ್ದೆ, ಎರಡು ಹಸು, ಒಂದು ಕಾರು, ಮನೆಯ ಹಿಂದೆ ಕೊಟ್ಟಿಗೆಗೆ ಅಂಟಿಕೊಂಡಂತೆ ಹೆಂಚಿನ ಒಂದು ಕೋಣೆ. ಆ ಕೋಣೆಯಲ್ಲಿ ಜಯಮ್ಮ ತನ್ನ ಮಗಳು ಸೌಮ್ಯಳ ಜೊತೆ ಇದ್ದಾಳೆ. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಭಾವನ ಮನೆಯಲ್ಲಿ ಬಾಳಲಾಗದೆ ಮಗಳ ಕೈ ಹಿಡಿದುಕೊಂಡು ಬಂದವಳು. ನಮ್ಮ ಕೊಟ್ಟಿಗೆ, ಪಾತ್ರೆ, ಅಂಗಳ ಎಲ್ಲವೂ ಅವಳ ಕೈಯಲ್ಲೇ. ಕೋಣೆಯ ಮೂಲೆಯಲ್ಲಿ ಅವಳೇ ಮಣ್ಣು ಕಲಸಿ ಒಂದು ಒಲೆ ಹಾಕಿಕೊಂಡಿದ್ದಾಳೆ. ಶುಕ್ರವಾರ ಶುಕ್ರವಾರ ಅದಕ್ಕೆ ಕೆಮ್ಮಣ್ಣು ಸಾರಿಸಿ, ಒಲೆಯ ಬಾಯಿಯ ಮುಂದೆ ಎರಡೆಳೆ ರಂಗೋಲಿ ಬಿಡುತ್ತಾಳೆ. ನಮ್ಮ ಅಡಿಗೆಮನೆಯ ಗ್ಯಾಸ್ ಒಲೆಗೆ ನಾನೆಂದೂ ಅಷ್ಟು ಮರ್ಯಾದೆ ಕೊಟ್ಟವಳಲ್ಲ.

ಈಗ ನಮ್ಮ ಮನೆಯ ಗುಟ್ಟು. ಜಯಮ್ಮ ಬರುವುದಕ್ಕೂ ಮುಂಚೆಯೇ ನಮ್ಮ ಯಜಮಾನರು ತಮ್ಮ ತಾಯಿಯ ಹೆಸರನ್ನು ನಮ್ಮ ಕಾರ್ಡಿನಿಂದ ಬಿಡಿಸಿ, ಬೇರೆಯೇ ಒಂದು ಬಿಪಿಎಲ್ ಕಾರ್ಡ್ ಮಾಡಿಸಿದ್ದರು. ಸರ್ಕಾರದ ಲೆಕ್ಕದಲ್ಲಿ ನಮ್ಮತ್ತೆ ದಿಕ್ಕಿಲ್ಲದ ವಿಧವೆ, ಹಿಂದಿನ ಕೋಣೆಯಲ್ಲಿ ಒಬ್ಬರೇ ಬೇಯಿಸಿಕೊಂಡು ತಿನ್ನುವವರು. ಅತ್ತೆ ಒಂದು ಮಧ್ಯಾಹ್ನದ ನಿದ್ದೆಗೂ ಆ ಕೋಣೆಗೆ ಹೋದವರಲ್ಲ. ಅವರಿಗೆ ಹಾಲ್‌ನಲ್ಲಿ ಫ್ಯಾನಿನ ಕೆಳಗೇ ಮಂಚ ಆಗಬೇಕು. ಇದು ಸರಿಯಲ್ಲ ಅತ್ತೆ ಎಂದು ನಾನು ಒಂದೇ ಒಂದು ಸಲ ಹೇಳಿದ್ದೆ.

"ಎಲ್ರೂ ಮಡಿಕಂಡವ್ರೆ ಕಣವ್ವ. ಈ ಬೀದೀಲಿ ಇಲ್ದೋರು ಯಾರವ್ರೆ ಯೋಳು ನೋಡಾನ? ನಾವ್ ಬುಟ್ರೆ ನಮ್ ಪಾಲು ಬಡವ್ರಿಗೆ ಓಯ್ತದಾ?"

ನಾನು ಸುಮ್ಮನಾದೆ. ಸುಮ್ಮನಾಗುವುದು ನನಗೆ ಚೆನ್ನಾಗಿ ಬರುತ್ತದೆ. ಹೆಣ್ಣುಮಕ್ಕಳು ಮೆಲ್ಲಗೆ ಮಾತಾಡಬೇಕು ಎಂದು ಕಲಿಸಿದ್ದ ಸಿಸ್ಟರ್‌ಗಳು, ಯಾವಾಗ ಜೋರಾಗಿ ಮಾತಾಡಬೇಕು ಎಂಬುದನ್ನು ಕಲಿಸುವ ಮೊದಲೇ ನನ್ನ ಓದು ಮುಗಿದಿತ್ತೇನೋ... ಇಲ್ಲ, ಅವರ ಮೇಲೆ ಹಾಕುವುದು ಬೇಡ.

ತಿಂಗಳಿಗೊಮ್ಮೆ ರೇಷನ್ ಅಕ್ಕಿ ತರಲು ಸೊಸೈಟಿಗೆ ಹೋಗುವುದೇ ಒಂದು ನಾಟಕ. ಅತ್ತೆಯನ್ನು ಕಾರಿನಲ್ಲಿ ಕರೆದೊಯ್ದು ಎರಡು ತಿರುವು ಹಿಂದೆಯೇ ನಿಲ್ಲಿಸಬೇಕು. ಅವರು ಚಿನ್ನದ ಬಳೆ ಬಿಚ್ಚಿ ನನ್ನ ಪರ್ಸಿಗೆ ಹಾಕಿ, ಸೆರಗು ಹೊದ್ದು, ಅಲ್ಲಿಂದ ಕಾಲೆಳೆಯುತ್ತಾ ನಡೆದು ಸಾಲಿನಲ್ಲಿ ನಿಲ್ಲುತ್ತಿದ್ದರು. ಮಂಡಿನೋವಿನವರು ಎಂದು ಜನ ದಾರಿ ಬಿಡುತ್ತಿದ್ದರು. ಕಾರಿನಲ್ಲಿ ಕೂತ ನನಗೆ ಸಿಟ್ಟಿನಲ್ಲಿ ಕೆನ್ನೆ ಉರಿಯುತ್ತಿತ್ತು. ಆದರೂ ಕೂತೇ ಇರುತ್ತಿದ್ದೆ. ಆ ಅಕ್ಕಿ ದೋಸೆಗೆ ಬಲು ಚೆನ್ನಾಗಿ ಹೊಂದುತ್ತದೆ. ಬೇಸಿಗೆಯಲ್ಲಿ ಅದರದ್ದೇ ಸಂಡಿಗೆ. ಉಳಿದದ್ದರಲ್ಲಿ ತಿಂಗಳಿಗೆ ಒಂದೆರಡು ಸೇರನ್ನು ನಾನು ಜಯಮ್ಮನಿಗೆ ಕೊಡುತ್ತಿದ್ದೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದಳು. ನಾನು ಧಾರಾಳಿ ಅನ್ನಿಸಿಕೊಳ್ಳುತ್ತಿದ್ದೆ!

ಜಯಮ್ಮನಿಗೊಂದು ಕಾರ್ಡ್ ಮಾಡಿಸೋಣ ಎಂದು ಹೊರಟವಳೂ ನಾನೇ. ನಗಬೇಡಿ. ಅವಳ ಮತ್ತು ಸೌಮ್ಯಳ ಹೆಸರು ಭಾವನ ಕಾರ್ಡಿನಲ್ಲಿತ್ತು, ಅವರಿಬ್ಬರ ಪಾಲನ್ನೂ ಅವನೇ ತಿನ್ನುತ್ತಿದ್ದ. ಮೊದಲು ಅಲ್ಲಿ ಹೆಸರು ತೆಗೆಸಬೇಕು, ಆಮೇಲೆ ಇಲ್ಲಿ ಹೊಸ ಅರ್ಜಿ. ಕೆ.ಆರ್. ಪೇಟೆಗೆ ಬಸ್ಸಿನಲ್ಲಿ ಎರಡು ಸಲ ಅಲೆದೆವು. ಕಚೇರಿಯ ಮೆಟ್ಟಿಲ ಹತ್ತಿರ ಭಾವ ಸಿಕ್ಕಿ, "ಏನಮ್ಮಿ ಜಯ, ನಾಕ್ ಸೇರ್ ಅಕ್ಕಿಗೆ ಇಂಗ್ಲಿಷ್ ಮೇಡಮ್ಮೋರ್ನೇ ಕರ್ಕಂಡ್ ಬಂದ್ಬುಟ್ಟಿದ್ದೀಯಲ್ಲ!" ಎಂದು ಹಲ್ಲು ಕಿರಿದ. ಅಂತೂ ಹೆಸರು ತೆಗೆದರು. ಅವತ್ತು ನನಗೆ ಯುದ್ಧ ಗೆದ್ದ ಹಾಗಿತ್ತು.

ಹೊಸ ಅರ್ಜಿಯ ಪಾಡು ಇನ್ನೊಂದು. ಎಂದೋ ಒಂದು ದಿನ ಬೆಳಿಗ್ಗೆ ಪೋರ್ಟಲ್ ತೆರೆಯುತ್ತದಂತೆ, ಮಧ್ಯಾಹ್ನಕ್ಕೆ ಮುಚ್ಚುತ್ತದಂತೆ. ಸೈಬರ್ ಅಂಗಡಿಯಲ್ಲಿ ಮೂರು ದಿನ ಕಾದೆವು. ಕೊನೆಗೆ ತೆರೆದಾಗ ಜಯಮ್ಮನ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ತೋರುಬೆರಳೂ ಇಲ್ಲ. "ಪಾತ್ರೆ ಉಜ್ಜಿ ಉಜ್ಜಿ ಗೆರೆನೇ ಸವ್ದೋಗವೆ ಮೇಡಂ," ಎಂದ ಅಂಗಡಿಯವನು. ಅವು ನಮ್ಮ ಮನೆಯ ಪಾತ್ರೆಗಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೆರಗಿಗೆ ಉಜ್ಜಿ, ಒಂದೊಂದೇ ಬೆರಳು ಇಡಿಸುತ್ತಾ ಹೋದೆ. ಎಡಗೈಯ ಉಂಗುರದ ಬೆರಳಿಗೆ ಹಸಿರು ದೀಪ ಬಂತು. "ಸದ್ಯ, ಒಂದ್ ಬೆಳ್ಳಾದ್ರೂ ನಾನು ಜಯಮ್ಮನೇ ಅಂತ ಒಪ್ಕಂತಲ್ಲಕ್ಕ!" ಎಂದು ಅವಳು ನಕ್ಕಳು.

ವಿಳಾಸದ ಕಡೆ ನಮ್ಮ ಮನೆಯ ನಂಬರು, ಹಿಂದಿನ ಕೋಣೆ ಎಂದು ನಾನೇ ಹೇಳಿ ತುಂಬಿಸಿದೆ. ಅತ್ತೆಯ ಕಾರ್ಡಿನಲ್ಲೂ ಅಕ್ಷರಕ್ಕಕ್ಷರ ಅದೇ ವಿಳಾಸವಿದೆ ಎಂದು ಹೊಳೆಯಲೇ ಇಲ್ಲ. ಸುಳ್ಳು ಹೇಳಿದವರೇ ಅದನ್ನು ಮರೆತುಬಿಡುವುದು ಹೀಗೆ — ಅದು ಮನೆಯ ಗೋಡೆಯಷ್ಟೇ ಮಾಮೂಲಾಗಿ ಹೋಗಿರುತ್ತದೆ.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಕಂಕುಳಲ್ಲಿ ಹೆಲ್ಮೆಟ್, ಕೈಯಲ್ಲಿ ಎರಡು ಹಾಳೆ. "ಈ ವಿಳಾಸಕ್ಕೆ ಆಗ್ಲೇ ಒಂದ್ ಕಾರ್ಡ್ ಐತಲ್ಲಮ್ಮ, ಮತ್ತೊಂದ್ ಅರ್ಜಿ ಬಂದದೆ. ಬ್ಯಾರೆ ಒಲೆ ಇದ್ರೆ ತಾನೇ ಬ್ಯಾರೆ ಕಾರ್ಡು, ಕೋಣೆ ತೋರ್ಸಿ," ಎಂದರು. ಅತ್ತೆ ಮಂಚದ ಮೇಲಿಂದ ನನ್ನ ಕಡೆ ನೋಡಿದ ನೋಟ — ಬೇಡ, ಅವರ ನೋಟದ ಮೇಲೂ ಹಾಕುವುದಿಲ್ಲ. ಜಯಮ್ಮನಿಗೆ ಕಾಫಿ ತರಲು ಹೇಳಿ ನಾನು ಅವರನ್ನು ಹಿಂದಕ್ಕೆ ಕರೆದೊಯ್ದೆ.

ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಮೇಲೆ ಸೊಪ್ಪಿನ ಸಾರಿನ ಪಾತ್ರೆ. ಗೂಡಿನಲ್ಲಿ ಸೌಮ್ಯಳ ಟೇಪು, ಹೇರ್‌ಪಿನ್ನು, ಮೂಲೆ ಹರಿದ ಅಟ್ಲಾಸು. ಎಪ್ಪತ್ತು ದಾಟಿದ ಹೆಂಗಸೊಬ್ಬರ ಕೋಣೆ ಇದಲ್ಲವೆಂದು ಕಣ್ಣಿದ್ದವರಿಗೆ ತಿಳಿಯುತ್ತಿತ್ತು.

"ಇದು ಯಾರ್ ಒಲೆ?" ಎಂದರು.

ನಾನು ಯೋಚಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ನಿಜ ಹೇಳಿದರೆ ಅತ್ತೆಯ ಕಾರ್ಡ್ ಹೋಗುತ್ತದೆ, ದಂಡ ಬೀಳಬಹುದು, ಬೀದಿಯಲ್ಲಿ ಮಾತಾಗುತ್ತದೆ, ರಾತ್ರಿ ಯಜಮಾನರ ಮುಖ ನೋಡಬೇಕು — ಇಷ್ಟನ್ನೂ ಯೋಚಿಸುವಷ್ಟು ಹೊತ್ತು ಸಿಕ್ಕಿತ್ತು ನನಗೆ. ಆಮೇಲೆ ಬಾಯಿ ಬಿಟ್ಟೆ.

"ನಮ್ಮತ್ತೆಯವರದು ಸಾರ್. ಅವರು ಬೇರೆ ಅಡಿಗೆ ಮಾಡ್ಕೋತಾರೆ."

"ಮತ್ತೆ ಈ ಜಯಮ್ಮ ಅನ್ನೋರು?"

"ಜಯಮ್ಮ ನಮ್ಮನೆಯವಳೇ. ನಮ್ಮ ಜೊತೇಲೇ ಊಟ, ತಿಂಡಿ, ಎಲ್ಲಾ."

ಹಗ್ಗದ ಮೇಲೆ ಒಣಗುತ್ತಿದ್ದ ಅವಳ ಸೀರೆಯನ್ನು ಆತ ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಪ್ರತ್ಯೇಕ ಒಲೆ ಇಲ್ಲ ಎಂದು ಬರೆದುಕೊಂಡರು. ಅಷ್ಟೇ. ಭಾವನ ಕಾರ್ಡಿನಿಂದ ಹೆಸರು ತೆಗೆಸಿದವಳೂ ನಾನು, ಇಲ್ಲಿ ಸೇರದಂತೆ ಮಾಡಿದವಳೂ ನಾನು. ತಾಯಿ ಮಗಳಿಬ್ಬರೂ ಯಾವ ಕಾರ್ಡಿನಲ್ಲೂ ಇಲ್ಲದವರಾದರು.

ಅವತ್ತು ಅತ್ತೆ ನನ್ನ ಗಲ್ಲ ಸವರಿ, "ನೀನು ಕಾನ್ವೆಂಟಲ್ಲಿ ಓದಿದ್ದು ಇವತ್ ಕೆಲ್ಸಕ್ ಬಂತು ನೋಡವ್ವ," ಎಂದರು.

ಇದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿದೆ. ಕಾಫಿ ಲೋಟ ಹಿಡಿದು ಬಂದ ಜಯಮ್ಮನ ಕಿವಿಗೆ ನನ್ನ ಕೊನೆಯ ಮಾತಷ್ಟೇ ಬಿದ್ದಿತ್ತು. ಅವಳ ಕಣ್ಣು ತುಂಬಿತು. ಡೈರಿಯ ಸಾಲಿನಲ್ಲಿ, ಬೋರ್‌ವೆಲ್ ಹತ್ತಿರ, ಎಲ್ಲರಿಗೂ ಹೇಳಿಕೊಂಡು ಬಂದಳು — "ಆಫೀಸರ್ ಮುಂದೇನೇ ಯೋಳ್ಬುಟ್ರು ನಮ್ಮಕ್ಕ, ಇವ್ಳು ನಮ್ಮನೆಯೋಳೇ ಅಂತ. ಕಾರ್ಡ್ ಬರ್ದಿದ್ರೆ ಕತ್ತೆಬಾಲ!" ನಾಲ್ಕು ವರ್ಷ. ಎಷ್ಟು ಸಲ ಹೇಳುತ್ತಾಳೆ! ಸಾಕು ನಿಲ್ಲಿಸು ಜಯಮ್ಮ ಎಂದು ಒಮ್ಮೆ ಗದರಿಯೇಬಿಟ್ಟೆ. ಅಕ್ಕನಿಗೆ ಹೊಗಳಿಕೆ ಹಿಡಿಸುವುದಿಲ್ಲ ಎಂದು ಅದನ್ನೂ ಸೇರಿಸಿ ಹೇಳತೊಡಗಿದಳು.

ಈ ವರ್ಷ ಅವಳಿಗೆ ಗರ್ಭಕೋಶದ ಆಪರೇಷನ್ ಆಗಬೇಕಾಯಿತು. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲ ಪ್ರಶ್ನೆಯೇ ಬಿಪಿಎಲ್ ಕಾರ್ಡ್ ಇದೆಯಾ ಎಂದು. "ಇಲ್ಲ ತಾಯಿ. ನಾನು ಇವ್ರ ಮನೆಯೋಳು," ಎಂದು ಜಯಮ್ಮ ನನ್ನನ್ನು ತೋರಿಸಿದಳು. ಕೌಂಟರಿನ ಹುಡುಗಿ ನನ್ನ ಕೈಗಡಿಯಾರ ನೋಡಿ, ಕಾರ್ಡ್ ಇಲ್ಲದವರ ಬಿಲ್ಲು ಬರೆಯತೊಡಗಿದಳು. ನಾನು ಕೊಡುತ್ತೇನೆ ಎಂದರೆ ಜಯಮ್ಮ ಕೇಳಲಿಲ್ಲ. "ನಿಮ್ಮತ್ರ ಎಷ್ಟ್ ಸಲ ಅಂತ ಈಸ್ಕಳಾನಕ್ಕ," ಎಂದು ಕಿವಿಯ ಒಂದು ಓಲೆ ಬಿಚ್ಚಿ ಸೌಮ್ಯಳ ಅಂಗೈಗೆ ಹಾಕಿದಳು. ಇನ್ನೊಂದರ ತಿರುಪು ಬಿಗಿಯಾಗಿತ್ತು, ಬಿಚ್ಚಲು ಬರಲಿಲ್ಲ. ನನ್ನ ಕೈಯಿಂದಲೇ ಬಿಚ್ಚಿಸಿಕೊಂಡಳು.

ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ ನಾನು ಆಹಾರ ಇಲಾಖೆಯ ಕಚೇರಿಗೆ ಹೋದೆ. ಅತ್ತೆಯ ಕಾರ್ಡ್ ವಾಪಸು ಕೊಡುತ್ತೇನೆ ಎಂದರೆ ಗುಮಾಸ್ತರಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿತು. "ಈಸ್ಕಳಕ್ಕೆ ಸಾಲ್ ನಿಂತವ್ರೆ, ನೀವ್ಯಾರಮ್ಮ ಕೊಡಕ್ ಬಂದೋರು? ನಾಳೆ ಬನ್ನಿ." ಮಾರನೆಯ ದಿನ ಹೋದೆ. ಅದಕ್ಕೆ ಬೇರೆ ಫಾರಂ ಎಂದರು. ಫಾರಂ ಖಾಲಿಯಾಗಿದೆ ಎಂದರು. ಒಳ್ಳೆಯ ಕೆಲಸಕ್ಕೆ ಎಷ್ಟು ಅಡ್ಡಿ ಎಂದು ರೇಗುವ ಹಕ್ಕೂ ನನಗಿರಲಿಲ್ಲ, ಆದರೂ ರೇಗಿದೆ. ಕೊನೆಗೆ ಬಿಳಿ ಹಾಳೆಯ ಮೇಲೆ ನಾನೇ ಬರೆದೆ: ಅತ್ತೆಯವರು ನಮ್ಮೊಂದಿಗೇ ಇದ್ದಾರೆ, ಹಿಂದಿನ ಕೋಣೆಯ ಒಲೆ ಜಯಮ್ಮನದು, ಪರಿಶೀಲನೆಯ ದಿನ ನಾನು ಹೇಳಿದ್ದು ಸುಳ್ಳು. ನಕಲಿನ ಮೇಲೆ ಸೀಲು ಹಾಕಿಸಿಕೊಂಡೇ ಎದ್ದೆ. ಯಜಮಾನರು ಮೂರು ದಿನದಿಂದ ನನ್ನೊಡನೆ ಮಾತಾಡಿಲ್ಲ. ಅತ್ತೆ ಮಾತ್ರ ಒಂದೇ ಸಮನೆ ಮಾತಾಡುತ್ತಿದ್ದಾರೆ. ಜಯಮ್ಮನ ಅರ್ಜಿಗೆ ಮತ್ತೆ ಯಾವಾಗ ಪೋರ್ಟಲ್ ತೆರೆಯುತ್ತದೋ ಯಾರಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ನೋಡುತ್ತೇನೆ.

ಹಾಳೆಯನ್ನು ಹಿಡಿದು ಹಿಂದಿನ ಕೋಣೆಗೆ ಹೋದೆ. ಜಯಮ್ಮ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಸೌಮ್ಯಳ ಕೈಗೆ ಕೊಟ್ಟು, ಜೋರಾಗಿ ಓದು ಎಂದೆ. ಅವಳು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದಳು.

"ಒಲೆ ನಂದೇ ಅಲ್ವಾ, ಅದನ್ನೇನ್ ಬರಿಯಾದು?" ಎಂದಳು ಜಯಮ್ಮ.

ಆಗ ಹೇಳಿದೆ. ಇನ್‌ಸ್ಪೆಕ್ಟರ್ ಏನು ಕೇಳಿದರು, ನಾನು ಏನೆಂದೆ, ಅವಳು ಕಾಫಿ ತರುವ ಮೊದಲು ಹೇಳಿದ್ದೇನು, ನಮ್ಮನೆಯವಳೇ ಎಂದಿದ್ದು ಯಾತಕ್ಕೆ — ಎಲ್ಲವನ್ನೂ.  ಅವಳು ಬೈದಿದ್ದರೆ ಒಳ್ಳೆಯದಿತ್ತು ಅಂದುಕೊಂಡೆ. ತನ್ನ ಬೋಳು ಕಿವಿಯನ್ನು ಬೆರಳಿನಿಂದ ಸವರುತ್ತಾ ಒಂದೇ ಒಂದು ಮಾತು ಕೇಳಿದಳು.

"ಅವತ್ತು ಇದೇ ಮಾತ ಯೋಳಿದ್ರೆ, ನಂಗೆ ಕಾರ್ಡ್ ಬತ್ತಿತ್ತಾ ಅಕ್ಕ?"

"ಬರ್ತಿತ್ತು ಜಯಮ್ಮ," ಎಂದೆ.