ಅವ್ವನಿಗೆಂದು ಕಾಸಿದ ಚಾಕೊಲೇಟು

ಹಾಲನ್ನು ಉಕ್ಕಿಸಬಾರದು. ಈ ಒಂದು ಮಾತನ್ನು ನಮ್ಮ ಅಡಿಗೆಮನೆಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹಾಲು ಬಿಸಿಯಾಗಬೇಕು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳಬೇಕು, ಅಷ್ಟಕ್ಕೆ ಉರಿ ತಗ್ಗಿಸಿ, ಸಣ್ಣಗೆ ಹೆಚ್ಚಿಟ್ಟ ಕಪ್ಪು ಚಾಕೊಲೇಟನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕೈಬಿಡದೆ ತಿರುವುತ್ತಿರಬೇಕು. ಫ್ರಾನ್ಸಿನವರು ಹಾಗೆ ಮಾಡುತ್ತಾರಂತೆ. ಅದು ಡಬ್ಬಿಯ ಪುಡಿಯನ್ನು ಹಾಲಿಗೆ ಕದಡಿ ಕುಡಿಯುವ ಪದಾರ್ಥವಲ್ಲ, ಚಮಚ ಅದ್ದಿ ತೆಗೆದರೆ ಅದರ ಬೆನ್ನಿಗೆ ಅಂಟಿ ನಿಲ್ಲುವಷ್ಟು ಮಂದವಾದದ್ದು. ಇಷ್ಟನ್ನೂ ಬಿಡಿಸಿ ಹೇಳಿ, ಕಣದಲ್ಲಿ ಯಾರೋ ಕೂಗಿದರೆಂದು ಹೋಗಿ ಬರುವಷ್ಟರಲ್ಲಿ ಅವ್ವ ಉರಿ ದೊಡ್ಡದು ಮಾಡಿರುತ್ತಿದ್ದಳು.

"ಮೂರು ಉಕ್ಕು ಬರ್ದೆ ಹಾಲು ಇಳ್ಸೋದು ಯಾವ ಊರಾಗೋ? ಹಸಿ ಹಾಲು ಕುಡ್ಸಿ ನನ್ನ ಹೊಟ್ಟೆ ಕೆಡುಸ್ಬೇಕು ಅಂತಿದೀಯಾ?"

ಪಾತ್ರೆಯ ತಳ ಹಿಡಿದಿರುತ್ತಿತ್ತು. ಚಾಕೊಲೇಟು ಒಡೆದು ಮರಳು ಮರಳಾಗಿ, ಮೇಲೆ ಎಣ್ಣೆ ತೇಲುತ್ತಿತ್ತು.

ಇದೆಲ್ಲ ಶುರುವಾದದ್ದು ಅವಳ ಗಂಟಲಿನಿಂದ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಟಲಲ್ಲೊಂದು ಗಡ್ಡೆ ಕಾಣಿಸಿಕೊಂಡು, ಮೈಸೂರಿಗೆ ಓಡಾಡಿ, ವಾರಗಟ್ಟಲೆ ರೇಡಿಯೇಷನ್ನಿನ ಕರೆಂಟು ಕೊಡಿಸಿ, ಅಂತೂ ಗಡ್ಡೆ ಕರಗಿತು. ಗಡ್ಡೆಯ ಜೊತೆಗೇ ಊಟವೂ ಹೋಯಿತು. ಗಟ್ಟಿಯಾದದ್ದು ಗಂಟಲಲ್ಲಿ ಇಳಿಯದು, ನೀರಾದದ್ದು ಕುಡಿದರೆ ಕೆಮ್ಮು ಹತ್ತಿಕೊಳ್ಳುತ್ತಿತ್ತು. ಗಂಜಿ, ರಾಗಿ ಸರಿ, ಬೇಳೆಕಟ್ಟು, ಏನು ಕೊಟ್ಟರೂ ಎರಡು ಗುಟುಕಿಗೆ ಲೋಟ ಪಕ್ಕಕ್ಕೆ ಸರಿಯುತ್ತಿತ್ತು. ಒಂದು ಸಲ ತೋರಿಸಲು ಹೋದಾಗ ಡಾಕ್ಟರು ಬಿಡಿಸಿಯೇ ಹೇಳಿದರು. ಮಂದವಾಗಿ, ನುಣ್ಣಗೆ, ಜಿಡ್ಡಿರುವಂಥದ್ದು ಏನಾದರೂ ಕುಡಿಸಿ, ಮುಂದಿನ ಸಲ ಬರುವಾಗ ತೂಕ ಇನ್ನೂ ಇಳಿದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕದೆ ವಿಧಿಯಿಲ್ಲ ಎಂದರು. ವಾಪಸು ಬರುವಾಗ ಕಾರು ಕುಶಾಲನಗರ ದಾಟಿದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ಮೂಗಿಗೆ ಪೈಪ್ ಹಾಕ್ಕಂಡು ನಾನು ಬದುಕಲ್ಲ ಕಣಪ್ಪ. ಬಂದೋರ ಮುಂದೆ ಹೆಂಗೆ ಕೂತ್ಕಳಾದು?" ಎಂದಳು.

ಬಂದವರು! ಪ್ರಾಣದ ಮಾತು ಬಂದಾಗಲೂ ಇವಳಿಗೆ ಬಂದವರದೇ ಚಿಂತೆ.

ಈ ಚಾಕೊಲೇಟಿನ ವಿಡಿಯೋವನ್ನು ಫೋನಿನಲ್ಲಿ ತೋರಿಸಿದವಳು ನನ್ನ ಹೆಂಡತಿ. ಅವ್ವ ಅದನ್ನು ಎರಡು ಸಲ ನೋಡಿ, "ಇದು ಗಂಟ್ಲಲ್ಲಿ ಇಳೀಬೋದು" ಎಂದಳು. ತಿಂಗಳುಗಳ ಮೇಲೆ ಅವಳ ಬಾಯಿಂದ ತಿನ್ನುವ ಕುಡಿಯುವ ವಿಷಯದಲ್ಲಿ ಬಂದ ಒಂದೇ ಒಳ್ಳೆಯ ಮಾತು ಅದು. ಹೆಂಡತಿ ಮಾದಾಪುರದ ಶಾಲೆಯಲ್ಲಿ ಟೀಚರು, ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ತೋಟ ನೋಡಿಕೊಂಡು ಮನೆಯಲ್ಲಿರುವವನು ನಾನು. ಐವತ್ತು ದಾಟಿದ ಮೇಲೆ ಒಲೆಯ ಮುಂದೆ ನಿಲ್ಲುವ ಯೋಗ ನನಗೆ ಬಂದದ್ದು ಹೀಗೆ.

ಮೊದಲ ಸಲ ನಾನೇ ಪೆದ್ದನಾದೆ. ಚಾಕೊಲೇಟಿಗೆ ನಮ್ಮಲ್ಲಿ ಬರವೇ? ಮಡಿಕೇರಿಯಲ್ಲಿ ಹೆಜ್ಜೆಗೊಂದು ಹೋಮ್‌ಮೇಡ್ ಚಾಕೊಲೇಟಿನ ಅಂಗಡಿ. ಯಾರ ಹೋಮು, ಯಾರು ಮೇಡು ಎಂದು ನಾವ್ಯಾರೂ ಕೇಳಿದವರಲ್ಲ. ಪ್ರವಾಸಿಗಳು ಜೇನು, ಮೆಣಸಿನ ಜೊತೆ ಕಟ್ಟಿಸಿಕೊಂಡು ಹೋಗುತ್ತಾರೆ, ನಾವು ನೆಂಟರ ಮನೆಗೆ ಹೋಗುವಾಗ ಒಯ್ಯುತ್ತೇವೆ. ತಂದು ಹಾಲಿಗೆ ಹಾಕಿ ತಿರುವಿದೆ. ತೋಳು ಬಿದ್ದುಹೋಗುವಷ್ಟು ತಿರುವಿದರೂ ಮಂದವಾಗಲಿಲ್ಲ. ತಣಿದ ಮೇಲೆ ನೋಡಿದರೆ ಮೇಲೆ ಮೇಣದಂಥ ಪದರ. ಪೊಟ್ಟಣದ ಹಿಂದೆ ಬರೆದಿದ್ದನ್ನು ಹೆಂಡತಿ ಸಂಜೆ ಬಂದು ಓದಿ, ಇದರಲ್ಲಿರುವುದು ಬರೀ ಸಕ್ಕರೆ, ಡಾಲ್ಡಾದಂಥ ಎಣ್ಣೆ, ಒಂದಿಷ್ಟು ಕೋಕೋ ಬಣ್ಣ ಎಂದಳು. ಊರವನಾಗಿ ಪ್ರವಾಸಿಗಿಂತ ಚೆನ್ನಾಗಿ ಮೋಸಹೋಗಿದ್ದೆ.

ಆಮೇಲೆ ಹೆಂಡತಿಯೇ ಹುಡುಕಿ ನಿಜವಾದ ಕಪ್ಪು ಚಾಕೊಲೇಟು ತಂದುಕೊಟ್ಟಳು. ಅದರಲ್ಲಿ ಎರಡು ಗಟ್ಟಿಗಳು ಅವ್ವನ ಮೂರು ಉಕ್ಕಿಗೆ ಬಲಿಯಾದವು. ಕೊನೆಗೆ ನಾನು ಅವಳನ್ನು ಕುರ್ಚಿ ಹಾಕಿ ಹಜಾರದಲ್ಲಿ ಕೂರಿಸಿ, ಒಲೆ ಬಿಟ್ಟು ಕದಲದೆ ನಿಂತೆ. ಅಂದು ಸರಿಯಾಗಿ ಬಂತು. ಕಪ್ಪಗೆ, ಹೊಳೆಯುತ್ತ, ಸೌಟಿನಿಂದ ದಾರದ ಹಾಗೆ ಇಳಿಯುತ್ತಿತ್ತು. ಒಂದು ಚಿಟಿಕೆ ಉಪ್ಪು ಹಾಕಿ, ಕೆನೆ ತೇಲಿಸಿ, ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಲೋಟ ತಂದು ಅವ್ವನ ಕೈಗಿಟ್ಟೆ. ಅದೇ ಹೊತ್ತಿಗೆ ಆಳುಗಳ ಲೆಕ್ಕ ಬರೆಯುವ ತೋಟದ ರೈಟರು ಮೆಟ್ಟಿಲ ಹತ್ತಿರ ಬಂದು ನಿಂತರು, ಕಾಫಿ ಹಣ್ಣು ಕೊಯ್ಯುವ ಪಿಕಿಂಗ್‌ಗೆ ನಾಳೆ ಯಾವ ಕಡೆ ಆಳು ಬಿಡಬೇಕೆಂದು ಕೇಳಲು.

"ಬನ್ನಿ ರೈಟ್ರೆ, ತಗಳಿ," ಎಂದು ಅವ್ವ ಲೋಟವನ್ನು ನೆಟ್ಟಗೆ ಅವರ ಕೈಗೆ ಕೊಟ್ಟಳು.

"ಅವ್ವ! ಅದು ನಿಂಗೆ!"

"ಇನ್ನೊಂದು ಲೋಟ ಮಾಡಿದ್ರೆ ಆಯ್ತು. ಬಂದೋರನ್ನ ಹಂಗೇ ಕಳ್ಸಕ್ಕಾಯ್ತದಾ?"

ರೈಟರು ಕುಡಿದರು. ನನ್ನ ಮುಖ ನೋಡಿ ಒಮ್ಮೆ ತಡವರಿಸಿದರು, ಆದರೆ ನಿಲ್ಲಿಸಲಿಲ್ಲ. ಅವ್ವ ಅವರನ್ನೇ ನೋಡುತ್ತ ಕೇಳಿದಳು, "ಹೆಂಗದೆ? ಸಿಹಿ ಮುಂದಾ, ಕಹಿ ಮುಂದಾ?"

"ಕಹಿ ಮೊದ್ಲು ಬತ್ತದೆ ಅಮ್ಮ. ಆಮೇಲೆ ಸಿಹಿ. ಗಟ್ಟಿ ಕಾಫಿಗೆ ಬೆಣ್ಣೆ ಹಾಕ್ದಂಗೆ."

"ಗಂಟ್ಲಲ್ಲಿ?"

"ಗಂಟ್ಲಲ್ಲಿ ಬೆಚ್ಚಗೆ ನಿಂತ್ಕಂತದೆ."

ಅವ್ವ ತಲೆಯಾಡಿಸಿದಳು. ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ನಾನು ಅವಳಿಗೆ ಕೊಟ್ಟೆ. ಎರಡು ಗುಟುಕು ಕುಡಿದು ಸಾಕೆಂದಳು.

ಅಲ್ಲಿಂದ ಇದು ದಿನನಿತ್ಯದ ರಗಳೆಯಾಯಿತು. ಪಿಕಿಂಗ್ ಸಮಯದಲ್ಲಿ ನಮ್ಮ ಮನೆ ಬಾಗಿಲು ಹಗಲಿಡೀ ತೆರೆದೇ ಇರುತ್ತದೆ, ಯಾರಾದರೊಬ್ಬರು ಬರುತ್ತಲೇ ಇರುತ್ತಾರೆ. ಕಾಫಿ ಚೀಲ ಹೇರಲು ಬಂದ ಲಾರಿ ಡ್ರೈವರು ಕುಡಿದ. ಮೀಟರು ನೋಡಲು ಬಂದವರು ಕುಡಿದರು. ಪಕ್ಕದ ತೋಟದ ಚಿಕ್ಕವ್ವ ಕುಡಿದು, "ರಾಗಿ ಅಂಬ್ಲಿಗೆ ಯಾಕೋ ಬಣ್ಣ ಹಾಕಿದೀಯ?" ಎಂದು ನನ್ನನ್ನು ಹಾಸ್ಯ ಮಾಡಿ, ಇನ್ನರ್ಧ ಲೋಟ ಕೇಳಿ ಕುಡಿದಳು. ನಾನು ಮಾಡಿದ್ದೆಲ್ಲ ಊರಿನವರ ಹೊಟ್ಟೆಗೆ. ಇವರಿಗೆ ಕಾಫಿ ಕೊಡು, ಕಾಫಿ ತೋಟದ ಮನೆಯಲ್ಲಿ ಕಾಫಿಗೇನು ಕೊರತೆ ಎಂದು ನಾನು ಗೊಣಗಿದರೆ, ಒಂದು ದಿನ ಚಿಕ್ಕವ್ವನ ಎದುರಿಗೇ ಅವ್ವ ಹೇಳಿದಳು, "ಕಾಫಿಪುಡಿ ಮುಗ್ದೋಗದೆ."

ಕಣದ ತುಂಬ ಕಾಫಿ ಒಣಗುತ್ತಿದೆ. ಗೋಡೆಯ ಎತ್ತರಕ್ಕೆ ಚೀಲಗಳು ನಿಂತಿವೆ. ಶೆಲ್ಫಿನಲ್ಲಿ ಡಬ್ಬಿ ಭರ್ತಿ ಪುಡಿಯಿದೆ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಚಿಕ್ಕವ್ವನ ಮುಂದೆ ಸುಳ್ಳು ಅನ್ನಲಾಗದೆ ಹಲ್ಲು ಕಚ್ಚಿಕೊಂಡು ಒಳಗೆ ಹೋದೆ.

ಎಲ್ಲರಿಗೂ ಅದೇ ಪ್ರಶ್ನೆಗಳು. ಸಿಹಿ ಮುಂದಾ, ಕಹಿ ಮುಂದಾ, ನಾಲಿಗೆಗೆ ಹತ್ತುತ್ತದಾ, ಕೊನೆಗೆ ಏನುಳಿಯುತ್ತದೆ. ಇದು ನನಗೆ ವಿಚಿತ್ರ ಅನ್ನಿಸಲಿಲ್ಲ. ನಮ್ಮ ನೆಂಟರಿಷ್ಟರಲ್ಲಿ ಅವ್ವನ ನಾಲಿಗೆಯೆಂದರೆ ಕೋರ್ಟಿದ್ದ ಹಾಗೆ. ಮದುವೆಮನೆಯ ಅಡಿಗೆಯವರು ಅವಳು ಹೂಂ ಅನ್ನದೆ ಸಾರು ಇಳಿಸುತ್ತಿರಲಿಲ್ಲ. ಪಿಕಿಂಗ್ ಮುಗಿದ ಮೇಲೆ ಸುತ್ತಲಿನವರು ತಾವು ಮನೆಯಲ್ಲಿ ಹುರಿದ ಪುಡಿ ತಂದು ಇವಳಿಂದ ಕುಡಿಸಿ, ಉರಿ ಹೆಚ್ಚಾಯಿತಾ, ಕಡಿಮೆಯಾಯಿತಾ ಎಂದು ಕೇಳಿಕೊಂಡು ಹೋಗುತ್ತಿದ್ದರು. ಹಳೇ ಚಾಳಿ, ಮಗ ಮಾಡಿದ್ದನ್ನೂ ಪರೀಕ್ಷೆಗೆ ಇಟ್ಟಿದ್ದಾಳೆ ಅಂದುಕೊಂಡೆ.

ವಾರಕ್ಕೊಮ್ಮೆ ಅವಳನ್ನು ಕಣದ ಮೂಲೆಯಲ್ಲಿರುವ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದೆ. ಮೈಸೂರಿಗೆ ಹೋಗಬೇಕಾದ ಸೋಮವಾರ ಹತ್ತಿರ ಬಂದಿತ್ತು. ಅದಕ್ಕೆ ಹಿಂದಿನ ಶನಿವಾರ ನಿಲ್ಲಿಸಿ ನೋಡಿದರೆ ತೂಕ ಮತ್ತೆ ಇಳಿದಿತ್ತು. ಆಳುಗಳ ಎದುರಿಗೇ ಕೂಗಾಡಿಬಿಟ್ಟೆ. ದಿನಾ ನಿಂತು ತಿರುವುತ್ತಿದ್ದೇನಲ್ಲ, ಎಲ್ಲಿಗೆ ಹೋಗುತ್ತಿದೆ ಅದು? ಲಾರಿ ಡ್ರೈವರು ದಪ್ಪ ಆದರೆ ನಿನ್ನ ಮೂಗಿಗೆ ನಳಿಗೆ ಹಾಕುವುದು ತಪ್ಪುತ್ತದಾ? ನನಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಅವಳ ಕಾಲಿನಡಿ ಆ ತಕ್ಕಡಿಯ ಹಲಗೆ ಅಲುಗಿದ್ದೇ ಕಡಿಮೆ.

ಒಳಗೆ ಕರೆತಂದು ಮುಂಬಾಗಿಲು ಹಾಕಿ ಅಗುಳಿ ಜಡಿದೆ. ಹಿಂಬಾಗಿಲಿಗೂ ಜಡಿದೆ.

"ಹಗಲು ಹೊತ್ನಾಗೆ ಬಾಗ್ಲು ಹಾಕ್ತಾರೇನೋ? ಬಂದೋರು ಏನಂದ್ಕಂತಾರೆ?"

"ಏನಾದ್ರೂ ಅಂದ್ಕಳ್ಳಿ. ಇವತ್ತು ಇದು ನಿನ್ನ ಹೊಟ್ಟೆಗೇ ಹೋಗ್ಬೇಕು."

ಹಾಲು ಕಾಸಿದೆ, ಹೆಚ್ಚಿದೆ, ತಿರುವಿದೆ, ಎಲ್ಲವನ್ನೂ ದಡದಡ ಸದ್ದು ಮಾಡಿಕೊಂಡೇ ಮಾಡಿದೆ. ಅಷ್ಟು ಸಿಟ್ಟಿನಲ್ಲಿ ಮಾಡಿದ್ದಕ್ಕೋ ಏನೋ, ಅಂದು ಬಂದಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಲೋಟ ಅವಳ ಮುಂದಿಟ್ಟು ಎದುರಿಗೆ ಕೂತೆ. ಅವಳು ಮುಟ್ಟಲಿಲ್ಲ. ಬಾಗಿಲ ಕಡೆ ನೋಡಿದಳು. ಬರುವವರಿರಲಿಲ್ಲ.

"ನೀನೇ ಕುಡಿ ಮೊದ್ಲು," ಎಂದಳು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಯಾಕವ್ವ? ವಿಷ ಹಾಕಿದೀನಾ ನಾನು?"

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬಾಯಲ್ಲಿ ಏನೂ ಇರಲಿಲ್ಲ ಒರೆಸಲಿಕ್ಕೆ.

"ಮಣ್ಣು ಕಣೋ," ಎಂದಳು. "ಗಂಜೀನೂ ಮಣ್ಣು, ಇದೂ ಮಣ್ಣು. ಕರೆಂಟ್ ಕೊಟ್ಮೇಲೆ ಒಂದೂ ರುಚಿ ಇಲ್ಲ ನಂಗೆ. ಮಣ್ಣನ್ನ ಎಷ್ಟು ಅಂತ ನುಂಗ್ಲಿ? ಯಾರಾದ್ರೂ ಕುಡ್ದು ಹಿಂಗದೆ ಹಂಗದೆ ಅಂದ್ರೆ ನೆನಪು ಬತ್ತದೆ. ಆ ನೆನಪಿನಾಗೆ ಎರಡು ಗುಟುಕು ಇಳೀತದೆ. ಆಮೇಲೆ ಅದೂ ಹೋಯ್ತದೆ."

ರುಚಿ ಕೆಡಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಾವು ಕೇಳಿದಾಗಲೆಲ್ಲ ಅವಳು ಎಲ್ಲ ಸರಿಯಿದೆ ಅಂದಿದ್ದಳು. ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ, ಆಗಲೂ ರೇಗುವ ದನಿಯಲ್ಲೇ.

"ನಾಲ್ಗೆ ಸತ್ತೋಗದೆ ಅಂತ ಗೊತ್ತಾದ್ರೆ ಒಲೆ ಹತ್ರ ಬಿಡ್ತಿದ್ರಾ ನನ್ನ? ಮೂಲೇಲಿ ಕೂರ್ಸಿ, ಪಾಪ ಅಂತಿದ್ರಿ. ಬಂದೋರೂ ಅದ್ನೇ ಅಂತಿದ್ರು."

ನನಗೆ ಅಳು ಬಂತು. ಅವಳ ಮುಂದೆ ಅತ್ತರೆ ಅದಕ್ಕೂ ಬೈಯುತ್ತಾಳೆಂದು ಲೋಟ ಎತ್ತಿ ಒಂದು ಗುಟುಕು ಕುಡಿದೆ.

"ಚೆನ್ನಾಗದೆ," ಎಂದೆ.

"ಚೆನ್ನಾಗದೆ ಅಂದ್ರೆ ಎಂತ? ಕೊಟ್ಟಿಗೇಲಿರೋ ಕರೀ ಹಸೂನೂ ಹಿಂಡಿ ತಿಂದು ಚೆನ್ನಾಗದೆ ಅಂತದೆ. ನೆಟ್ಟಗೆ ಹೇಳು."

ಸಾಯುವ ಹಾಗಿದ್ದರೂ ಬೈಗುಳಕ್ಕೇನೂ ಕಡಿಮೆಯಿಲ್ಲ. ಇನ್ನೊಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಹೇಳಲು ಶುರುಮಾಡಿದೆ. ಮೊದಲು ಕಹಿ, ನಾಲಿಗೆಯ ಬದಿಗಳಲ್ಲಿ. ತಕ್ಷಣ ಹೋಗುವ ಕಹಿಯಲ್ಲ, ಹುರಿದ ಕಾಫಿಯ ಹಾಗೆ ಕೂರುವ ಕಹಿ. ಅದರ ಹಿಂದೆ ಹಾಲಿನ ಸಿಹಿ, ಆಮೇಲೆ ಸ್ವಲ್ಪ ಹುಳಿ, ನಾವು ಚಿಕ್ಕವರಿದ್ದಾಗ ಚೀಪುತ್ತಿದ್ದ ಕಾಫಿ ಹಣ್ಣಿನ ಸಿಪ್ಪೆಯ ಹುಳಿ. ಹೇಳುತ್ತ ಹೇಳುತ್ತ ಕಣ್ಣು ಬಿಟ್ಟೆ. ಲೋಟ ನನ್ನ ಕೈಯಿಂದ ಅವಳ ಕೈಗೆ ಹೋಗಿತ್ತು. ಅವಳು ಕುಡಿಯುತ್ತಿದ್ದಳು. ನಾನು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಿದ್ದಳು. ಹೇಳಿದ್ದನ್ನೇ ಹೇಳಿದರೆ, "ಅದು ಆಯ್ತಲ್ಲ, ಮುಂದಕ್ಕೆ ಹೇಳು" ಎಂದು ಗದರುತ್ತಿದ್ದಳು. ಲೋಟ ಖಾಲಿಯಾಗುವ ಹೊತ್ತಿಗೆ ನನಗೆ ಬೆವರು ಬಂದಿತ್ತು.

ಸೋಮವಾರ ಡಾಕ್ಟರ ಎದುರಿಗೆ ರುಚಿಯ ವಿಷಯವನ್ನು ಅವಳೇ ಹೇಳಿದಳು. ಅದು ಮರಳಿ ಬರಬಹುದು, ತಿಂಗಳುಗಳು ಹಿಡಿಯಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದರು. ಒಂದಿಡೀ ಲೋಟ ಕುಡಿದಳು ಎಂದು ನಾನು ಬಡಬಡಿಸಿದ್ದಕ್ಕೆ, ಹಾಗಿದ್ದರೆ ಎರಡು ವಾರ ನೋಡೋಣ, ದಿನಾ ಕುಡಿಯಲೇಬೇಕು, ತಪ್ಪಿದರೆ ನಳಿಗೆಯೇ ಎಂದು ಕಳಿಸಿದರು.

ಮರುದಿನ ಬಾಗಿಲು ತೆರೆದಿಟ್ಟೇ ಕಾಸಿದೆ, ಅವಳು ಹಾಕಲು ಬಿಡಲಿಲ್ಲ. ಎದುರಿಗೆ ಕೂತು ಮತ್ತೆ ಶುರುಮಾಡಿದೆ. ಒಂದೇ ಪದಾರ್ಥವನ್ನು ದಿನಕ್ಕೊಂದು ಬಗೆಯಲ್ಲಿ ವರ್ಣಿಸುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ಎರಡನೇ ದಿನಕ್ಕೇ ನನ್ನ ಮಾತು ಮುಗಿದು, ಕೆನೆಯ ಬಗ್ಗೆ ಏನೋ ತೊದಲುತ್ತಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಚಿಕ್ಕವ್ವ ಹೊಸಿಲ ಹತ್ತಿರ ನಿಂತು, "ಇದೀರಾ ಅಕ್ಕಾ?" ಎಂದಳು. ಮುಗಿಯಿತು, ಇವತ್ತಿನದೂ ಹೋಯಿತು ಅಂದುಕೊಂಡೆ.

ಅವ್ವ ತಿರುಗಿ ನೋಡಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದುಕೊಂಡಳು.

"ಒಂದು ಗಳಿಗೆ ಅಲ್ಲೇ ನಿಂತ್ಕಳೇ, ಕುಡೀತಿದೀನಿ," ಎಂದು ಹೊರಗೆ ಕೂಗಿ, ನನ್ನ ಕಡೆ ನೋಡಿದಳು. "ನೀನ್ಯಾಕೆ ನಿಲ್ಸಿದೆ? ಹೇಳು."